ಎಂಟನೆಯ ಪುಟಕ್ಕೆ ಬರೆದ ಪದ್ಯ

ಇದನ್ನು ಬರೆಯಲು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಒಮ್ಮೆ ಕಣ್ಣಿನ ನೆವ, ಒಮ್ಮೆ ಮನೆಯಲ್ಲಿ ಮದುವೆ, ಇನ್ನೊಮ್ಮೆ ಸುಮ್ಮನೆ ಪೆನ್ನಿನಲ್ಲಿ ಶಾಯಿ ಇಲ್ಲವೆಂಬುದೇ ನೆವ. ಬರೆದರೆ ಮನೆಯವರಿಗೆ ನನ್ನ ಮೇಲಿರುವ ಗೌರವ ಹೋದೀತು ಎಂಬ ಹೆದರಿಕೆ ಒಳಗೆ ಇತ್ತು. ಈಗ ಹೆದರಿಕೆಗಿಂತ ಚಡಪಡಿಕೆ ಹೆಚ್ಚಾಗಿದೆ.

ಹೋದ ವಾರ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾವುದೋ ಊರಿನ ಕೊಲೆಯ ಸುದ್ದಿ. ಕೊಂದವನನ್ನು ಮನುಷ್ಯರೂಪದ ಮೃಗ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಸುತ್ತಲಿನವರು ಬಾಯಿ ಚಪ್ಪರಿಸುತ್ತ ಕೇಳುತ್ತಿದ್ದರು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕುಳಿತಿದ್ದ ನಾನು, ಅವನ ಹೆಂಡತಿಯ ವಿಷಯ ಏನಾದರೂ ಬರೆದಿದ್ದಾರೆಯೇ ಎಂದು ಕೇಳಿಬಿಟ್ಟೆ. ಬರೆದಿದ್ದರು. ಅದನ್ನೂ ಅವರು ಓದತೊಡಗಿದರು. ನಾನು ಉಳಿದರ್ಧ ಕ್ಷೌರ ಮಾಡಿಸಿಕೊಳ್ಳದೆ ಎದ್ದು ಮನೆಗೆ ಬಂದೆ. ಅಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು ನಾನು ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹತ್ತಿರವಿದ್ದ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದೆ. ಸೀಸದ ಅಚ್ಚಿನ ಮೊಳೆಗಳನ್ನು ಮರದ ಕೇಸಿನ ಮನೆಗಳಿಂದ ಒಂದೊಂದಾಗಿ ಆಯ್ದು, ಕೈಯಲ್ಲಿ ಹಿಡಿದ ಸ್ಟಿಕ್ಕಿನಲ್ಲಿ ಸಾಲು ಸಾಲಾಗಿ ನಿಲ್ಲಿಸುವುದು, ಅಚ್ಚಾದ ಮೇಲೆ ಅವನ್ನೇ ಬಿಚ್ಚಿ ಮತ್ತೆ ಅವುಗಳ ಮನೆಗೆ ಹಾಕುವುದು. ಲಗ್ನಪತ್ರಿಕೆ, ಕೊಬ್ಬರಿ ಮಂಡಿಯ ರಸೀದಿ, ನಾಟಕದ ಕಂಪನಿಗಳ ಕರಪತ್ರ, ಇವು ನಮ್ಮ ದಿನನಿತ್ಯದ ಕೆಲಸ. ಆದರೆ ಅಚ್ಚುಕೂಟವನ್ನು ನಿಜವಾಗಿ ಸಾಕುತ್ತಿದ್ದುದು ಲಾವಣಿ ಪುಸ್ತಕ. ಎಲ್ಲಾದರೂ ಹೊಳೆ ಉಕ್ಕಿ ಊರು ಕೊಚ್ಚಿಹೋದರೆ, ಮೋಟಾರು ಉರುಳಿದರೆ, ಕೊಲೆಯಾದರೆ, ಅದನ್ನು ಪದ್ಯ ಮಾಡಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಮಡಿಸಿದರೆ ಎಂಟು ಪುಟದ ಪುಸ್ತಕ. ಹಾಡುಗಾರರು ಅದನ್ನು ರೈಲಿನಲ್ಲಿ, ಸಂತೆಯಲ್ಲಿ ಹಾಡಿ ಮಾರುತ್ತಿದ್ದರು. ಹಳ್ಳಿಗಳಲ್ಲಿ ಪತ್ರಿಕೆ ನೋಡಿದವರು ಕಡಿಮೆ. ಅವರಿಗೆ ಪ್ರಪಂಚದ ಸುದ್ದಿ ಬರುತ್ತಿದ್ದುದು ಈ ಎಂಟು ಪುಟಗಳಲ್ಲಿ.

ಮೊದಲ ಪುಟಕ್ಕೆ ಹೆಸರು ಮತ್ತು ಚಿತ್ರ. ನಡುವಿನ ಆರಕ್ಕೆ ಕಥೆ. ಎಂಟನೆಯದಕ್ಕೆ ಊರಿನ ಮುಲಾಮಿನ ವ್ಯಾಪಾರಿಯೊಬ್ಬರ ಜಾಹೀರಾತು. ಇದು ಬಹಳ ಕಾಲದ ಏರ್ಪಾಡು.

ಹಳೇಬೀಡಿನ ಕೆರೆಯ ಕೊಲೆಯ ಸುದ್ದಿ ತಂದವನು ಆ ಕಡೆಯಿಂದ ಜಾವಗಲ್ ಮೇಲೆ ಬರುವ ಮೋಟಾರಿನ ಏಜೆಂಟ. ಬಸ್ತಿಹಳ್ಳಿಯಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವುದು ಅವನ ಕೆಲಸ. ಅದೇ ಊರಿನ ಒಬ್ಬ ರೈತ ತನ್ನ ಸರದಿ ಬರುವ ಮೊದಲೇ ಕಾಲುವೆ ಒಡೆದು ನೀರು ತಿರುಗಿಸಿಕೊಂಡಿದ್ದ. ಬೆಳಗಿನ ಹೊತ್ತಿನಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ನೀರುಗಂಟಿ ಕೈಯಲ್ಲಿದ್ದ ಗುದ್ದಲಿಯಿಂದ ಹೊಡೆದ. ರೈತ ಅಲ್ಲೇ ಸತ್ತ. ಪೊಲೀಸರು ಬರುವವರೆಗೆ ನೀರುಗಂಟಿ ಏರಿಯ ಮೇಲೆ ಕುಳಿತಿದ್ದನಂತೆ. ಏಜೆಂಟನಿಗೆ ಗೊತ್ತಿದ್ದುದು ಇಷ್ಟೇ.

ಮಾಮೂಲಾಗಿ ಪದ್ಯ ಕಟ್ಟಿಕೊಡುತ್ತಿದ್ದವರು ಆಗ ಊರಿನಲ್ಲಿರಲಿಲ್ಲ. ಯಜಮಾನರು ನನ್ನನ್ನು ಕರೆದರು.

"ಏನಯ್ಯಾ, ಹೈಸ್ಕೂಲಿನಲ್ಲಿ ಪದ್ಯ ಗದ್ಯ ಎಲ್ಲ ಓದಿದ್ದೀಯಲ್ಲ. ಸಂತೆಯ ದಿನದೊಳಗೆ ಇದನ್ನು ಹೊಂದಿಸಿಕೊಡು ನೋಡೋಣ."

ನನಗೆ ಎದೆ ಉಬ್ಬಿತು. ನಾನು ಒಳಗೊಳಗೇ ಪದ್ಯ ಬರೆಯುತ್ತಿದ್ದೆ, ಯಾರೂ ಕೇಳಿರಲಿಲ್ಲ. ಮೋಟಾರು ಹತ್ತಿದರೆ ಮಧ್ಯಾಹ್ನದೊಳಗೆ ಹಳೇಬೀಡು ಸೇರಬಹುದಿತ್ತು. ಯಾರನ್ನಾದರೂ ಕೇಳಬಹುದಿತ್ತು. ಹೋಗಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ. ಲಾವಣಿಗೆ ಹಾಗೆ ಹೋಗಿ ಕೇಳುವ ಪದ್ಧತಿಯೇ ಇರಲಿಲ್ಲ.

ಗೊತ್ತಿದ್ದುದನ್ನು ಬರೆದರೆ ಎರಡೂವರೆ ಪುಟವಾಯಿತು. ಆರು ಪುಟ ತುಂಬಬೇಕು. ಹಾಗಾಗಿ ನೀರುಗಂಟಿಗೆ ಒಂದು ಬಾಲ್ಯ ಕೊಟ್ಟೆ. ಹುಟ್ಟುವಾಗಲೇ ಹಲ್ಲಿತ್ತು ಎಂದೆ, ತಾಯಿಯ ಎದೆ ಕಚ್ಚಿದ ಎಂದೆ. ದಾರಿಹೋಕರನ್ನು ಕೊಂದು ಕೆರೆಗೆ ಎಸೆದ ಎಂದೆ. ಪ್ರತಿ ನುಡಿಯ ಕೊನೆಗೆ ಹಾಡುಗಾರ ಎತ್ತಿ ಹಾಡಲು ಅನುಕೂಲವಾಗಲೆಂದು ನರರಾಕ್ಷಸ ಎಂಬ ಮಾತು ತಂದೆ. ಮೊಳೆ ಜೋಡಿಸುವಾಗ ಒಂದು ತೊಡಕು ಎದುರಾಯಿತು. ನಮ್ಮ ಕೇಸಿನಲ್ಲಿ ಕ್ಷಕಾರದ ಮೊಳೆಗಳು ಸ್ವಲ್ಪವೇ ಇದ್ದವು. ಐದನೆಯ ಪುಟಕ್ಕೆ ಬರುವ ಹೊತ್ತಿಗೆ ಆ ಮನೆ ಬರಿದಾಯಿತು. ಬೆಂಗಳೂರಿನಿಂದ ತರಿಸುವಷ್ಟು ಸಮಯವಿರಲಿಲ್ಲ. ಉಳಿದ ಕಡೆ ಪಿಶಾಚಿ ಎಂದು, ಹೆಬ್ಬುಲಿ ಎಂದು ತಿದ್ದಿ ಮುಂದೆ ಹೋದೆ. ಮನುಷ್ಯ ಎಂದು ತಿದ್ದಲು ಬೇಕಾದ ಮೊಳೆಗಳೆಲ್ಲ ಕೇಸಿನಲ್ಲಿದ್ದವು. ಆ ಯೋಚನೆ ಬಂದದ್ದು ಬಹಳ ವರ್ಷಗಳ ಮೇಲೆ.

ಮುಖಪುಟಕ್ಕೆ ಚಿತ್ರ ಬೇಕಾಗಿತ್ತು. ಯಾವುದೋ ನಾಟಕದ ಕಂಪನಿಯವರು ಬಿಟ್ಟುಹೋಗಿದ್ದ ಒಂದು ಮರದ ಬ್ಲಾಕು ಅಟ್ಟದ ಮೇಲೆ ಬಿದ್ದಿತ್ತು. ಕಿರೀಟ, ಕೋರೆಹಲ್ಲು, ಹೊಕ್ಕಳವರೆಗೆ ಜೋತ ನಾಲಿಗೆ, ಕೈಯಲ್ಲಿ ಗದೆ. ಟ್ರೆಡಲ್ ಎಂಬ ಅಚ್ಚಿನ ಯಂತ್ರ ತುಳಿಯುವವನು ಅದರ ಧೂಳು ಒರೆಸಿ, ನೀರುಗಂಟಿಗೆ ಕಿರೀಟ ಎಲ್ಲಿಂದ ಬಂತು ಎಂದು ನಕ್ಕ. ಉಳಿಯಿಂದ ಕಿರೀಟವನ್ನು ಕೆತ್ತಿ ತೆಗೆದೆವು. ಗದೆಯ ತಲೆಯನ್ನು ಚಪ್ಪಟೆ ಮಾಡಿ ಗುದ್ದಲಿ ಮಾಡಿದೆವು. ಕೋರೆಹಲ್ಲನ್ನು ಹಾಗೆಯೇ ಬಿಟ್ಟೆವು.

ಇಷ್ಟು ಮುಗಿಯಿತು ಅನ್ನುವಾಗ ಮುಲಾಮಿನ ವ್ಯಾಪಾರಿ ಬಂದರು. ಕರಡು ನೋಡಿದರು. ಕೊಲೆಗಾರನ ಬೆನ್ನಿಗೆ ನನ್ನ ಮುಲಾಮು ಹಚ್ಚಬೇಡಿ ಎಂದು ಹೇಳಿ ಜಾಹೀರಾತು ವಾಪಸು ತೆಗೆದುಕೊಂಡು ಹೋದರು. ಎಂಟನೆಯ ಪುಟ ಖಾಲಿ ಉಳಿಯಿತು. ಖಾಲಿ ಪುಟ ಬಿಟ್ಟರೆ ಜನ ಪುಸ್ತಕ ಅರ್ಧವಾಗಿದೆ ಎಂದು ತಕರಾರು ಮಾಡುತ್ತಾರೆ ಎಂದು ಯಜಮಾನರು ಹೇಳಿದರು. ಟ್ರೆಡಲ್ಲಿಗೆ ಮಸಿ ಹಚ್ಚಿ ಆಗಿತ್ತು. ನನ್ನಲ್ಲಿ ಕಥೆ ಉಳಿದಿರಲಿಲ್ಲ. ನೀರುಗಂಟಿಗೆ ಮದುವೆಯಾಗಿದೆಯೇ ಎಂದು, ಅಲ್ಲೇ ಬಂದು ಕುಳಿತಿದ್ದ ಮೋಟಾರಿನ ಏಜೆಂಟನನ್ನು ಕೇಳಿದೆ. ಆಗಿರಬೇಕು ಎಂದ. ಕೇಸಿನ ಮುಂದೆ ನಿಂತುಕೊಂಡೇ, ಕಾಗದದ ಮೇಲೆ ಬರೆಯದೆ, ನೇರವಾಗಿ ಮೊಳೆಯಲ್ಲಿ ಜೋಡಿಸಿದೆ:

ರಕುತ ಹತ್ತಿದ ಕೈಗೆ ನೀರ ಹೊಯ್ದಳು ಮಡದಿ
ನಕ್ಕು ಮುದ್ದೆಯ ಬಡಿಸಿ ಎದುರು ಕುಳಿತಾಳು
ಇಕ್ಕುವೆನು ಇನ್ನೊಂದು, ಉಣ್ಣಿ ಎಂದಾಳು

ಹೀಗೆಯೇ ಇನ್ನೂ ಕೆಲವು ನುಡಿ. ಗುದ್ದಲಿ ತೊಳೆದಿಟ್ಟಳು, ಸತ್ತವನ ಹೆಂಡತಿಯ ಅಳು ಕೇಳಿ ಬಾಗಿಲ ಸಂದಿಯಿಂದ ನೋಡಿ ಸುಖಪಟ್ಟಳು, ಇತ್ಯಾದಿ. ಸಾಲುಗಳ ಎರಡನೆಯ ಅಕ್ಷರಕ್ಕೆ ಪ್ರಾಸ ಹೊಂದಿದೆಯೆಂದು ನನಗೆ ಬಹಳ ಖುಷಿಯಾಗಿತ್ತು. ರಕುತ ಎಂಬುದಕ್ಕೆ ನಕ್ಕು ಎಂದು ಬಂದಿತು. ಆ ಹೆಂಗಸು ನಕ್ಕದ್ದು ನನ್ನ ಪ್ರಾಸಕ್ಕಾಗಿ.

ಪುಸ್ತಕ ಬಿಸಿ ಬಿಸಿಯಾಗಿ ಹೋಯಿತು. ನಮ್ಮ ಪುಸ್ತಕಗಳನ್ನು ಮಾರುತ್ತಿದ್ದ ಹಾಡುಗಾರ ಏಕತಾರಿ ಹಿಡಿದ ಮುದುಕ. ಮತ್ತೆ ಕಟ್ಟು ಕೇಳಲು ಬಂದಾಗ ಅವನೇ ಹೇಳಿದ, ಜನ ಕೊಲೆಯ ಪದ್ಯಕ್ಕಿಂತ ಕೊನೆಯ ಪುಟವನ್ನೇ ಮತ್ತೆ ಮತ್ತೆ ಹಾಡಿಸುತ್ತಾರೆ ಎಂದು. "ಹೆಂಗಸ್ರು ಕಣ್ಣೊರೆಸ್ಕೊಂಡು ಶಾಪ ಹಾಕ್ತಾರೆ ಬುದ್ಧಿ, ಆಮೇಕೆ ಇನ್ನೊಂದ್ಸಲ ಏಳು ಅಂತಾರೆ. ಯಾರು ಕಟ್ಟಿದ್ದು ಇದ?" ನಾನು ನಕ್ಕು ಕಟ್ಟು ಎಣಿಸಿಕೊಟ್ಟೆ. ಪುಸ್ತಕದ ಮೇಲೆ ಬರೆದವರ ಹೆಸರು ಇರಲಿಲ್ಲ. ಅದೊಂದು ಕೊರತೆ ನನ್ನನ್ನು ಕೊರೆಯುತ್ತಿತ್ತು. ಸಾಯಂಕಾಲ ಸ್ಟೇಷನ್ನಿಗೆ ಹೋಗಿ, ಕಟ್ಟೆಯ ಮೇಲೆ ಜನ ನನ್ನ ಪದ್ಯ ಗುನುಗುವುದನ್ನು ಕೇಳುತ್ತ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ.

ಹಾಸನದ ಕೋರ್ಟಿನಲ್ಲಿ ವಿಚಾರಣೆ ಮುಗಿದು ನೀರುಗಂಟಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪನ್ನೂ ಸೇರಿಸಿ ಎರಡನೆಯ ಮುದ್ರಣ ತರಬೇಕೆಂದು ಯಜಮಾನರು ಆ ಹೊತ್ತಿಗೇ ಕಾಗದ ತರಿಸಿಟ್ಟಿದ್ದರು. ಮೊದಲಿನ ಮೊಳೆ ಬಿಚ್ಚದೆ ಹಾಗೆಯೇ ದಾರ ಕಟ್ಟಿ ಇಟ್ಟಿದ್ದೆವು. ಅಷ್ಟರಲ್ಲಿ ಅವನನ್ನು ಬೆಂಗಳೂರಿನ ಜೈಲಿಗೆ ಒಯ್ಯಲು ಹಾಸನದ ರೈಲಿನಲ್ಲಿ ತಂದರು. ಅರಸೀಕೆರೆಯಲ್ಲಿ ರೈಲು ಬದಲಿಸಬೇಕು. ಸುದ್ದಿ ಊರಿಗೆಲ್ಲ ಹೇಗೋ ತಿಳಿದಿತ್ತು. ನಾನು ಹಾಡುಗಾರನಿಗೆ ಒಂದು ಕಟ್ಟು ಕೊಡಲು ಹೋಗಿದ್ದೆ. ಪ್ಲಾಟ್‌ಫಾರಂ ತುಂಬ ಜನ, ಹಲವರ ಕೈಯಲ್ಲಿ ನಮ್ಮ ಪುಸ್ತಕ.

ಇಬ್ಬರು ಪೊಲೀಸರ ನಡುವೆ ಇಳಿದವನು ಸಣಕಲ ಮನುಷ್ಯ. ವಯಸ್ಸು ನಲವತ್ತರ ಆಸುಪಾಸು. ಕೈಗೆ ಕೋಳ, ಮೈಮೇಲೆ ಒಗೆದ ಅಂಗಿ. ಒಂದು ಕಣ್ಣಿನಿಂದ ನೀರು ಸೋರುತ್ತಿತ್ತು, ಅದನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದ. ಇಷ್ಟು ಜನ ತನ್ನನ್ನು ನೋಡುವುದಕ್ಕೆ ನಾಚಿ, ಮದುವೆಮನೆಗೆ ಕರೆಯದೆ ಬಂದವನ ಹಾಗೆ ತಲೆ ಬಗ್ಗಿಸಿ ನಿಂತ.

ಜನ ಮುಖಪುಟ ನೋಡಿದರು, ಅವನನ್ನು ನೋಡಿದರು. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಬೇಸರದಿಂದ, "ಇವ್ನೇನಾ? ನಮ್ಮ ಭಾವನಂಗೇ ಅವ್ನಲ್ಲೇ" ಎಂದಳು. ಹಿಂದಿನಿಂದ ಯಾರೋ, "ಇವ್ನಲ್ಲ ಕಣ್ರಲಾ. ಅಸಲಿಯವನ್ನ ಹಿಂದ್ಗಡೆ ಡಬ್ಬೀಲಿ ಮಡಗವ್ರೆ" ಎಂದ. ಅಷ್ಟೇ ಸಾಕಾಯಿತು. ಗುಂಪಿಗೆ ಗುಂಪೇ ರೈಲಿನ ಹಿಂಬದಿಗೆ ಓಡಿತು. ಕೋರೆಹಲ್ಲಿನವನನ್ನು ಹುಡುಕುತ್ತ ಪ್ರತಿ ಡಬ್ಬಿಯ ಕಿಟಕಿಗೂ ಇಣುಕಿದರು. ನಿಜವಾಗಿ ಕೊಂದವನು ಪೊಲೀಸರೊಂದಿಗೆ ಬೇವಿನ ಮರದ ಕಟ್ಟೆಯ ಮೇಲೆ ಉಳಿದ.

ನಾನೂ ಉಳಿದೆ. ಇಬ್ಬರಲ್ಲಿ ಹಿರಿಯನಾದ ದಫೇದಾರ ನನ್ನ ಕೈಯಲ್ಲಿದ್ದ ಕಟ್ಟು ನೋಡಿ ಕರೆದ.

"ಬಾರಯ್ಯ ಇಲ್ಲಿ. ಓದಿದೋನಂಗೆ ಕಾಣ್ತೀಯ. ಇವನ ಕಥೆ ಇವನಿಗೇ ಓದಿ ಹೇಳು, ರೈಲು ಬರೋಗಂಟ ಹೊತ್ತು ಹೋಗ್ಲಿ."

ತಮಾಷೆಗೆ ಹೇಳಿದ ಮಾತು. ಆದರೆ ನೀರುಗಂಟಿ ತಲೆಯೆತ್ತಿ, ಓದಿ ಸ್ವಾಮಿ ಎಂದ. ನಾನು ನಿಂತುಕೊಂಡೇ ಓದಿದೆ. ಸಂತೆಯಲ್ಲಿ ಹಾಡುವಾಗ ಅಷ್ಟು ಚೆನ್ನಾಗಿದ್ದ ಪದ್ಯ ನನ್ನ ಬಾಯಲ್ಲಿ ಮರಳಿನ ಹಾಗೆ ಆಯಿತು. ಹುಟ್ಟುವಾಗ ಹಲ್ಲಿತ್ತು ಎಂಬಲ್ಲಿ ಅವನ ಮುಖದಲ್ಲಿ ಸ್ವಲ್ಪ ನಗು ಬಂತು. ದಾರಿಹೋಕರ ಕೊಲೆಗಳು ಬಂದಾಗ ಬೆರಳು ಮಡಿಸಿ ಎಣಿಸುತ್ತಿದ್ದ.

"ಇಷ್ಟೊಂದ್ ಜನಾನ ಕೊಂದ್ನಾ ನಾನು?" ಎಂದ. ಆಮೇಲೆ ದಫೇದಾರನ ಕಡೆ ತಿರುಗಿ, "ಕೊಂದಿದ್ದು ಒಬ್ಬನ್ನ. ಅದೇ ಹೊರಲಾರದಷ್ಟು ಐತೆ ನಂಗೆ."

ಏಳನೆಯ ಪುಟದಲ್ಲಿ ನಿಲ್ಲಿಸಬೇಕೆಂದು ನೋಡಿದೆ. ಅವನು ನನ್ನ ಕೈ ನೋಡುತ್ತಿದ್ದ. ಇನ್ನೂ ಒಂದು ಪುಟ ಐತಲ್ಲ ಎಂದ. ಓದಿದೆ. ಕೈಗೆ ನೀರು ಹೊಯ್ದಳು ಎಂಬಲ್ಲಿ ಅವನ ಮುಖ ಬಿಗಿಯಿತು. ಮುಗಿದ ಮೇಲೆ ಕೋಳ ಹಾಕಿದ ಎರಡೂ ಕೈಯನ್ನು ಎತ್ತಿ ಪುಸ್ತಕವನ್ನು ಮುಟ್ಟಿದ, ಯಾವ ಕಡೆ ಇದೆ ಆ ಮಾತು ಎಂದು ಹುಡುಕುವವನ ಹಾಗೆ.

"ನನ್ನ ಏನ್ ಬೇಕಾದ್ರೂ ಅನ್ಲಿ ಸ್ವಾಮಿ. ಗುದ್ದಲೀಲಿ ಒಡೆದದ್ದು ನಾನೇ. ಇದು ಮಾತ್ರ ಸುಳ್ಳು. ಅವಳು ಕೂಗು ಕೇಳಿ ಓಡಿಬಂದು ಅವನ ತಲೆಗೆ ತನ್ನ ಸೀರೆ ಅರಿದು ಕಟ್ಟಿದ್ಲು. ಜೀವ ಓಗೋಗಂಟ ತೊಡೆ ಮೇಲೆ ಮಡಗ್ಕೊಂಡಿದ್ಲು. ನನ್ನ ಮಖ ನೋಡ್ಲಿಲ್ಲ, ಇವತ್ತಿನ್ಗಂಟ ನೋಡಿಲ್ಲ. ಇದ ಬರೆದೋರು ಸಿಕ್ಕಿದ್ರೆ ಏಳಿ."

ಹೇಳುತ್ತೇನೆ ಎಂದೆ. ಬೆಂಗಳೂರಿನ ರೈಲು ಬಂತು. ಹತ್ತುವಾಗ ಅವನು ನನಗೆ ಕೈಮುಗಿದ.

ಮರುದಿನ ಕೆಲಸಕ್ಕೆ ಹೋದೆ. ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರನ್ನು ವಧುವಿನ ಜಾಗದಲ್ಲಿ ಕೂರಿಸಿ ಬೈಸಿಕೊಂಡೆ. ಕೊನೆಗೆ ಯಜಮಾನರಿಗೆ, ಎರಡನೆಯ ಮುದ್ರಣಕ್ಕೆ ಹೊಸ ಸಂಗತಿ ಸಿಗಬಹುದು, ಊರು ನೋಡಿ ಬರುತ್ತೇನೆ ಎಂದೆ. ಅವರಿಗೆ ಸಂತೋಷವಾಯಿತು. ಮೋಟಾರಿನ ಚಾರ್ಜು ಕೊಟ್ಟು ಕಳಿಸಿದರು.

ಹಳೇಬೀಡಿನಲ್ಲಿ ಇಳಿದು, ಬಸ್ತಿಹಳ್ಳಿಯ ನೀರುಗಂಟಿಯ ಮನೆ ಯಾವುದು ಎಂದು ಹೋಟೆಲಿನವನನ್ನು ಕೇಳಿದೆ. ಅವನು ಗಾಜಿನ ಲೋಟ ತೊಳೆಯುತ್ತಲೇ, "ಮುದ್ದೆ ಬಡಿಸಿದೋಳ ಮನೆಯಾ?" ಎಂದ. ಅಲ್ಲಿಂದ ಆ ಹೆಂಗಸು ಬಾಳುತ್ತಿದ್ದ ಊರಿಗೆ ಅರ್ಧ ಗಳಿಗೆಯ ದಾರಿ ಕೂಡ ಇಲ್ಲ. ಅವಳನ್ನು ದಿನವೂ ಕಂಡವರು ಈಗ ಅವಳನ್ನು ನನ್ನ ಪದ್ಯದಿಂದ ಗುರುತಿಸುತ್ತಿದ್ದರು.

ಕೆರೆ ತುಂಬಿತ್ತು. ಏರಿಯ ಕೆಳಗಿನ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತ ಹಾಡುತ್ತಿದ್ದರು. ದೂರದಿಂದ ಇಂಪಾಗಿ ಕೇಳುತ್ತಿತ್ತು. ಹತ್ತಿರ ಬಂದ ಮೇಲೆ ಅದು ಯಾವ ಹಾಡೆಂದು ತಿಳಿದು ನಾನು ದಾರಿ ಬಿಟ್ಟು ಬಸದಿಗಳ ಹಿಂಬದಿಯಿಂದ ಸುತ್ತಿಕೊಂಡು ಹೋದೆ.

ಆ ತಾಯಿ, ನೀರುಗಂಟಿಯ ಹೆಂಡತಿ, ಜಗಲಿಯ ಮೇಲೆ ಮುತ್ತುಗದ ಎಲೆ ಹಚ್ಚುತ್ತ ಕುಳಿತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಹಚ್ಚಿದ ಊಟದೆಲೆಗಳ ಕಂತೆಗಳು ಗೋಡೆಯ ಉದ್ದಕ್ಕೂ ಒಣಗಿ ಸುರುಟಿಕೊಂಡಿದ್ದವು. ಅರಸೀಕೆರೆಯ ಅಚ್ಚುಕೂಟದಿಂದ ಬಂದಿದ್ದೇನೆ, ಪುಸ್ತಕದಲ್ಲಿ ತಪ್ಪಿದ್ದರೆ ಸರಿಮಾಡುವುದು ನನ್ನ ಕೆಲಸ ಎಂದೆ. ಬರೆದವನು ನಾನೇ ಎಂದು ಹೇಳಲಿಲ್ಲ. ಅವರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು.

ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದೇ ಕಷ್ಟವಾಯಿತು. ಹೋಟೆಲಿನವರು ಈಗ ಅವರ ಎಲೆ ಕೊಳ್ಳುತ್ತಿರಲಿಲ್ಲ, ಆ ಕೈ ಮುಟ್ಟಿದ ಎಲೆಯಲ್ಲಿ ಉಣ್ಣಲು ಜನ ಒಪ್ಪುವುದಿಲ್ಲವಂತೆ. ಆದರೂ ಕೈ ಸುಮ್ಮನಿರುವುದಿಲ್ಲವೆಂದು ಹಚ್ಚುತ್ತಿದ್ದರು. ನಾಟಿಯ ಹೆಂಗಸರ ಜೊತೆ ಮೊದಲ ದಿನ ಹೋಗಿದ್ದರಂತೆ. ಹಾಡು ಶುರುವಾದಾಗ ಸಾಲು ಮುಗಿಸಿ ದಡಕ್ಕೆ ಬಂದರಂತೆ. ಇದೆಲ್ಲವನ್ನೂ ಹವಾಮಾನದ ಸಂಗತಿ ಹೇಳಿದಂತೆ ಹೇಳಿದರು. ಅವರು ತಡವರಿಸಿದ್ದು ಒಂದೇ ಕಡೆ. ಸತ್ತ ರೈತನ ಹೆಂಡತಿಯ ವಿಷಯ ಬಂದಾಗ.

ಆ ಮನೆ ಅಲ್ಲಿಂದ ನಾಲ್ಕು ಬಾಗಿಲು ಆಚೆ. ಕೊಲೆಯಾದ ದಿನ, ಗಂಡನ ಹೆಣದ ಪಕ್ಕದಲ್ಲಿ ಆಕೆ ಇವರ ಕೈಯನ್ನು ಬಿಡದೆ ಹಿಡಿದುಕೊಂಡೇ ಇದ್ದಳಂತೆ. ತಿಥಿಯ ಮೇಲೂ ಇವರು ಹೋಗಿ ಬರುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಜೊತೆಗೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಊರಿನವರೂ ಆಕೆ ಸೇರಿಸಿಕೊಂಡಿದ್ದಾಳಲ್ಲ ಎಂದು ಸುಮ್ಮನಿದ್ದರು. ಪುಸ್ತಕ ಬಂದ ಮೇಲೆ ಯಾರೋ ಆಕೆಯ ಮನೆಯ ಮುಂದೆ ನಿಂತು ಕೊನೆಯ ಪುಟ ಹಾಡಿದರು. ಬಾಗಿಲ ಸಂದಿಯಿಂದ ನೋಡಿ ಸುಖಪಟ್ಟಳು ಎಂಬುದನ್ನು ಆಕೆ ಕೇಳಿದಳು. ಮರುದಿನ ಇವರು ಹೋದಾಗ ಬಾಗಿಲು ತೆರೆಯಲಿಲ್ಲ.

"ಆ ಯಮ್ಮನ ಕಣ್ಮುಂದೇನೇ ಅಲ್ವಾ ನಾನು ಸೀರೆ ಅರಿದಿದ್ದು?" ಎಂದರು. "ಆದ್ರೂ ಮನೇಗೋಗಿ ನಕ್ಕಿರಬೌದು ಅಂತ ಅನ್ನಿಸ್ಬುಟ್ಟೈತೆ ಅವ್ರಿಗೆ. ಒಳಗಿಂದು ಯಾರ್ ಕಂಡವ್ರೆ."

ಹೊಸ ಮುದ್ರಣ ಬರುತ್ತದೆ, ಅದರಲ್ಲಿ ಈ ಪುಟ ತೆಗೆದು ನಡೆದದ್ದನ್ನೇ ಹಾಕುತ್ತೇವೆ ಎಂದೆ. ಅವರು ಎಲೆ ಕೆಳಗಿಟ್ಟು ಎದ್ದರು. ಸೆರಗು ಸರಿಮಾಡಿಕೊಂಡರು.

"ಹಂಗಾರೆ ಈಗ್ಲೇ ಬನ್ನಿ ಅಣ್ಣ. ನಾಲ್ಕು ಬಾಗ್ಲು. ನೀವು ಅಚ್ಚುಕೂಟದೋರು. ಅದು ಸುಳ್ಳು, ನಾವೇ ಹುಟ್ಟಿಸಿದ್ದು ಅಂತ ಒಂದ್ ಮಾತ್ ಏಳ್ಬುಡಿ ಆ ಯಮ್ಮಂಗೆ. ಊರೋರ್ಗೆ ಬ್ಯಾಡ."

ನಾನು ಏಳಲಿಲ್ಲ. ಆ ಹೆಂಗಸು ಬಾಗಿಲು ತೆರೆದು ಯಾರು ಬರೆದದ್ದು ಎಂದು ಕೇಳಿದರೆ ನನ್ನ ಮುಖ ಹೇಳಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಮೋಟಾರಿನ ಹೊತ್ತಾಯಿತು ಎಂದೆ. ಬಾಯಿಮಾತು ನಿಲ್ಲುವುದಿಲ್ಲಮ್ಮ, ಅಚ್ಚಾಗಿ ಬಂದರೆ ಜನ ನಂಬುತ್ತಾರೆ ಎಂದೂ ಸೇರಿಸಿದೆ.

"ಅಚ್ಚಾಗಿದ್ದುಕ್ಕೇ ಅಲ್ವಾ ಅಣ್ಣ ನಂಬಿದ್ದು," ಎಂದರು. ಮತ್ತೆ ಒತ್ತಾಯ ಮಾಡಲಿಲ್ಲ. ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದರು.

ಮೋಟಾರಿನಲ್ಲಿ ದಾರಿಯುದ್ದಕ್ಕೂ ಹೊಸ ಎಂಟನೆಯ ಪುಟವನ್ನು ಮನಸ್ಸಿನಲ್ಲೇ ಕಟ್ಟಿದೆ. ಮರುದಿನ ಯಾರೂ ಬರುವ ಮೊದಲೇ ಹೋಗಿ ಜೋಡಿಸಿದೆ. ಸೀರೆ ಹರಿದದ್ದು, ತೊಡೆಯ ಮೇಲೆ ತಲೆ ಇಟ್ಟುಕೊಂಡದ್ದು, ಹಿಂದಿನ ಪುಸ್ತಕದಲ್ಲಿ ಬಂದದ್ದು ಕಟ್ಟುಕಥೆಯೆಂದು ಕೊನೆಯಲ್ಲಿ ಒಂದು ಸಾಲು. ಪ್ರಾಸ ಎಲ್ಲ ಕಡೆ ಕೂಡಲಿಲ್ಲ. ಅಷ್ಟು ಕೆಟ್ಟ ಪದ್ಯವನ್ನು ನಾನು ಹಿಂದೆ ಬರೆದಿರಲಿಲ್ಲ. ಕರಡು ತೆಗೆದು ಯಜಮಾನರ ಮುಂದಿಟ್ಟೆ.

ಅವರು ಕೆಟ್ಟವರಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೆಂಗಸಿನ ಬಗ್ಗೆ ಪಾಪ ಎಂದೂ ಅಂದರು. ಆಮೇಲೆ ಕರಡನ್ನು ಮಡಿಸಿ ಬೆರಳಿನಿಂದ ನೆರಿಗೆ ತೀಡುತ್ತ ಕುಳಿತರು.

"ಇದನ್ನು ಹಾಕಿದರೆ ಹಿಂದಿನ ಏಳು ಪುಟದ ಗತಿ ಏನಯ್ಯಾ? ಒಂದು ಸುಳ್ಳು ಅಂದಮೇಲೆ ಹಲ್ಲು ಹುಟ್ಟಿದ್ದೂ ಸುಳ್ಳು ಅಂತಾರೆ. ಜನ ಕೊಳ್ಳೋದೇ ಈ ಪುಟಕ್ಕೆ. ರಾಕ್ಷಸನ ಮನೇಲಿ ಒಳ್ಳೆ ಹೆಂಗಸು ಇದ್ದಳು ಅಂದ್ರೆ ಅವನು ಎಂಥ ರಾಕ್ಷಸ?"

ಹಾಗಾದರೆ ಆ ಪುಟಕ್ಕೆ ಏನೂ ಬೇಡ, ಮುಲಾಮಿನ ಜಾಹೀರಾತೇ ಹಾಕೋಣ ಎಂದೆ. ಅವರು ಮುಖಪುಟದ ಕರಡನ್ನು ನನ್ನ ಕಡೆ ತಳ್ಳಿದರು. ಕೋರೆಹಲ್ಲಿನ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿದ್ದರು. ಹೆಸರಿನ ಹಿಂದೆ ಕವಿ ಎಂದು ಸೇರಿಸಿದ್ದರು. ಈ ಸಲ ಬರೆದವರ ಹೆಸರು ಹಾಕಬೇಕೆಂದು ಹಾಡುಗಾರರೆಲ್ಲ ಕೇಳುತ್ತಿದ್ದಾರೆ, ದೊಡ್ಡ ಮೊಳೆಯಲ್ಲಿ ಜೋಡಿಸು ಎಂದರು. ಯಾವ ಪುಟ ಹಾಕಬೇಕೆಂಬುದನ್ನು ನೀನೇ ನೋಡು, ನಿನ್ನ ಹೆಸರಲ್ಲವೇ ಹೋಗುವುದು ಎಂದು ಹೇಳಿ ಊಟಕ್ಕೆ ಎದ್ದುಹೋದರು.

ಅವರು ಬಲವಂತ ಮಾಡಿದರೆಂದು ಬರೆಯಲು ನನಗೆ ಬಹಳ ಆಸೆ. ಮಾಡಲಿಲ್ಲ.

ಎರಡೂ ಪುಟಗಳು ಪುಟ ಹೊಂದಿಸುವ ಕಲ್ಲಿನ ಮೇಲೆ ಅಕ್ಕಪಕ್ಕ ದಾರ ಕಟ್ಟಿಸಿಕೊಂಡು ಕುಳಿತಿದ್ದವು. ಹೊಸದರಲ್ಲಿ ಪ್ರಾಸ ಸರಿಯಾಗಿ ಕೂಡಿರಲಿಲ್ಲ. ನನ್ನ ಹೆಸರು ಮೊದಲ ಸಲ ಅಚ್ಚಾಗುವ ಪುಸ್ತಕದ ಕೊನೆಯಲ್ಲಿ ಅಂಥ ಕೆಟ್ಟ ಪದ್ಯವೂ, ಹಿಂದೆ ಬರೆದದ್ದು ಸುಳ್ಳೆಂಬ ಸಾಲೂ ಇರಬೇಕೇ ಎಂದು ಯೋಚಿಸಿದೆ. ಕಿಟಕಿಯವರೆಗೆ ಹೋದೆ, ಬಂದೆ. ಮತ್ತೆ ಹೋದೆ. ಮೂರನೆಯ ಮುದ್ರಣದಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ಹೊಸ ಪುಟದ ದಾರ ಬಿಚ್ಚಿದೆ. ಮೊಳೆಗಳನ್ನು ಒಂದೊಂದಾಗಿ ಎತ್ತಿ ಅವುಗಳ ಮನೆಗೆ ಹಾಕಿದೆ. ಆ ಕೆಲಸಕ್ಕೆ ಗಮನ ಬೇಕು, ಒಂದು ತಪ್ಪು ಮನೆಗೆ ಬಿದ್ದರೂ ಮುಂದೆ ತೊಂದರೆ. ಒಂದೂ ತಪ್ಪಲಿಲ್ಲ. ಯಜಮಾನರು ಊಟ ಮುಗಿಸಿ ಬರುವಷ್ಟರಲ್ಲಿ ಕಲ್ಲಿನ ಮೇಲೆ ಹಳೆಯ ಪುಟ ಒಂದೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

ಎರಡನೆಯ ಮುದ್ರಣ ಮೊದಲಿನದಕ್ಕಿಂತ ಚೆನ್ನಾಗಿ ಹೋಯಿತು. ಬೆಂಗಳೂರಿನ ಒಂದು ಪತ್ರಿಕೆ ಎಂಟನೆಯ ಪುಟದ ಸಂಗತಿಯನ್ನು ಗದ್ಯ ಮಾಡಿ ಸುದ್ದಿಯೆಂದು ಹಾಕಿತು. ಅದನ್ನು ಓದಿದ ಹಳೇಬೀಡಿನ ಕಡೆಯವರು, ಪತ್ರಿಕೆಯಲ್ಲೇ ಬಂದಿದೆ, ಲಾವಣಿಯವನು ಹೇಳಿದ್ದು ನಿಜ ಎಂದರಂತೆ. ನನ್ನ ಸುಳ್ಳು ದೊಡ್ಡ ಊರಿಗೆ ಹೋಗಿ ಸತ್ಯವಾಗಿ ವಾಪಸು ಬಂತು. ಮೂರನೆಯ ಮುದ್ರಣ ಬರಲೇ ಇಲ್ಲ. ಅಷ್ಟರಲ್ಲಿ ಬೇರೆ ಊರಿನಲ್ಲಿ ಬೇರೆ ಕೊಲೆಯಾಗಿತ್ತು. ಅದೇ ಬ್ಲಾಕಿನ ಗುದ್ದಲಿಯನ್ನು ಸಣ್ಣದಾಗಿ ಕೆತ್ತಿ ಚೂರಿ ಮಾಡಿದೆವು.

ಮಳೆಗಾಲ ಕಳೆದ ಮೇಲೆ ಮೋಟಾರಿನ ಏಜೆಂಟ ಮಾತಿನ ನಡುವೆ ಹೇಳಿದ. ನೀರುಗಂಟಿಯ ಹೆಂಡತಿ ಮನೆಗೆ ಬೀಗ ಹಾಕಿ, ಅರೇಹಳ್ಳಿಯ ಕಡೆ ಯಾವುದೋ ಕಾಫಿ ತೋಟಕ್ಕೆ ಕೂಲಿಗೆ ಹೋದಳಂತೆ. ಹೊರಡುವ ದಿನ ಗಂಟು ಹೊತ್ತುಕೊಂಡು ನಾಲ್ಕನೆಯ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳಂತೆ. ಒಳಗೆ ಜನ ಇದ್ದರು, ಒಲೆಯ ಹೊಗೆ ಬರುತ್ತಿತ್ತು. ಬಾಗಿಲು ತೆರೆಯಲಿಲ್ಲ. ಏಜೆಂಟ ಇದನ್ನು ಒಂದು ತಮಾಷೆಯ ಸಂಗತಿಯೆಂಬಂತೆ ಹೇಳಿ, ಇದರ ಮೇಲೂ ಒಂದು ಪದ ಕಟ್ಟಿ ಕವಿಗಳೇ ಎಂದ.

ಅಚ್ಚುಕೂಟ ಬಿಟ್ಟು ಬೇರೆ ಕೆಲಸಕ್ಕೆ ಸೇರಿದೆ. ಬೇಲೂರಿಗೆ ಹಲವು ಸಲ ಹೋಗಿದ್ದೇನೆ. ಅರೇಹಳ್ಳಿಯ ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಒಂದು ಸಲ ಹತ್ತಿ ಕುಳಿತಿದ್ದೆ ಕೂಡ, ಬಸ್ಸು ಹೊರಡುವ ಮೊದಲು ಇಳಿದೆ. ತೋಟಗಳು ಬಹಳ, ಹೇಗೆ ಹುಡುಕುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಆ ಮನುಷ್ಯನನ್ನು ರಾಕ್ಷಸ ಮಾಡಿದ್ದು ಏಕೆ ಎಂದು ಈಗ ಕೇಳಿಕೊಂಡರೆ, ಪುಟ ತುಂಬಿಸಲು ಎಂಬುದು ಅರ್ಧ ಉತ್ತರ ಮಾತ್ರ. ಸ್ಟೇಷನ್ನಿನಲ್ಲಿ ಭಾವನ ಹಾಗಿದ್ದಾನೆ ಎಂದ ಆ ಹೆಂಗಸಿನ ದನಿಯಲ್ಲಿ ಬೇಸರದ ಜೊತೆ ಒಂದು ಅಂಜಿಕೆಯೂ ಇತ್ತು. ಭಾವನಂಥವನು ಕೊಲ್ಲಬಹುದಾದರೆ ಭಾವನೂ ಕೊಲ್ಲಬಹುದು, ತಾನೂ. ಅದಕ್ಕೇ ಎಲ್ಲರೂ ಹಿಂದಿನ ಡಬ್ಬಿಗೆ ಓಡಿದರು. ನಾನು ಅವರಿಗೆ ಓಡಲು ಒಂದು ಡಬ್ಬಿ ಕೊಟ್ಟಿದ್ದೆ. ಅವನು ಮಾಡಿದ ತಪ್ಪಿಗೆ ಕೋರ್ಟು ಇತ್ತು, ಜೈಲು ಇತ್ತು. ನನ್ನದಕ್ಕೆ ಮುಖಪುಟ ಸಿಕ್ಕಿತು.

ಆ ಪುಸ್ತಕದ ಎಂಟು ಪುಟಗಳಲ್ಲಿ ನನ್ನ ಹೆಸರಿದೆ, ಅಚ್ಚುಕೂಟದ ಹೆಸರಿದೆ, ಕೆರೆಯ ಹೆಸರೂ ಇದೆ. ನಾಲ್ಕು ಬಾಗಿಲು ಬನ್ನಿ ಎಂದು ಕರೆದವರ ಹೆಸರಿಲ್ಲ. ಮಡದಿ ಎಂದಷ್ಟೇ ಇದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ. ಅವರು ಬಸ್ತಿಹಳ್ಳಿಯ ದೇವೀರಮ್ಮ.